ಪುಟ ಸಂಖ್ಯೆ ಇಲ್ಲದ ಪೇಪರ್ ಕಟಿಂಗ್ ಅನ್ನು ಅಡಿಟಿಪ್ಪಣಿಯಲ್ಲಿ ಹೇಗೆ ತೋರಿಸಬೇಕು?

ರಂಗದ ಹುಡುಗಿ
ಎಲ್ಲರಿಗೂ ನಮಸ್ಕಾರ. ವೃತ್ತಿ ನಾಟಕ ಕಂಪನಿಗಳ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೇನೆ. ಥೀಸಿಸ್ ಕನ್ನಡದಲ್ಲೇ. ಮೂರು ಅಧ್ಯಾಯ ಮುಗಿದಿವೆ. ನಾಲ್ಕನೆಯದರಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಒಂದು ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಹಿರಿಯರು ತಮ್ಮ ಕಾಲದ ಪೇಪರ್ ಕಟಿಂಗ್‌ಗಳನ್ನು ಒಂದು ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ ಮಗಳು ನನ್ನನ್ನು ನಂಬಿ ಅದನ್ನು ಕೊಟ್ಟಿದ್ದಾರೆ. ಎಣಿಸಿದೆ, 47 ಇವೆ. ನಾಟಕದ ವಿಮರ್ಶೆ, ಕಂಪನಿ ಊರಿಗೆ ಬಂದ ಸುದ್ದಿ, ಜಾಹೀರಾತು, ಒಂದೆರಡು ಮಾಸಪತ್ರಿಕೆಯ ಲೇಖನ. ಯಾವ ಊರಲ್ಲಿ ಕ್ಯಾಂಪ್ ಇತ್ತು, ಯಾವ ನಾಟಕ ಆಡಿದರು, ಟಿಕೆಟ್ ಎಷ್ಟು, ಎಲ್ಲ ಇದರಲ್ಲಿದೆ. ಬೇರೆ ಯಾವ ಪುಸ್ತಕದಲ್ಲೂ ನನಗೆ ಇವು ಸಿಕ್ಕಿಲ್ಲ.

ಆದರೆ ಕತ್ತರಿಸುವಾಗ ಪುಟ ಸಂಖ್ಯೆ ಹೋಗಿಬಿಟ್ಟಿದೆ. ಕೆಲವದರ ಹಿಂದೆ ಅವರೇ ಪೆನ್ಸಿಲ್‌ನಲ್ಲಿ ಪತ್ರಿಕೆಯ ಹೆಸರು, ತಾರೀಖು ಬರೆದಿದ್ದಾರೆ. ನನ್ನ ಗೈಡ್ "ಪುಟ ಸಂಖ್ಯೆ ಇಲ್ಲದಿದ್ದರೆ ಅದು ಆಕರವೇ ಅಲ್ಲ, ಬಿಟ್ಟುಬಿಡು" ಅನ್ನುತ್ತಾರೆ. ಬಿಡೋಕೆ ಮನಸ್ಸು ಬರುತ್ತಿಲ್ಲ. ಏನು ಮಾಡಲಿ?

ಎಂಎ ಎರಡನೇ ವರ್ಷ
ಅಕ್ಕ, ದಯವಿಟ್ಟು ಬಿಡಬೇಡಿ.

ಇತಿಹಾಸ ಮೇಷ್ಟ್ರು
ನಿಮ್ಮ ಗೈಡ್ ಹೇಳಿದ್ದು ಸರಿ ಇದೆಯಮ್ಮ. ಅಡಿಟಿಪ್ಪಣಿ ಇರುವುದೇ ಇನ್ನೊಬ್ಬರು ಹೋಗಿ ನೋಡಲಿ ಅಂತ. ಪುಟ ಇಲ್ಲ, ಸಂಪುಟ ಇಲ್ಲ ಅಂದರೆ ಅವರು ಎಲ್ಲಿ ಹುಡುಕಬೇಕು? ನಾನು 20 ವರ್ಷದಿಂದ ಥೀಸಿಸ್ ಓದುತ್ತಿದ್ದೇನೆ. "ಹಳೆಯ ಪತ್ರಿಕೆಯೊಂದರಲ್ಲಿ ಹೀಗಿದೆ" ಅಂತ ಬರೆದು ಮುಂದೆ ಹೋಗುವವರು ತುಂಬಾ ಜನ. ಅದನ್ನು ತಡೆಯಲಿಕ್ಕೇ ಗೈಡ್‌ಗಳು ಹೀಗೆ ಬಿಗಿಯಾಗಿರುತ್ತಾರೆ.

ಚಿಕಾಗೋ ಕನ್ನಡಿಗ
ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಇದನ್ನು ಒಪ್ಪುವುದಿಲ್ಲ. ದಿನಪತ್ರಿಕೆಯ ವಿಷಯದಲ್ಲಿ ಪುಟ ಸಂಖ್ಯೆ ಬೇಕೇ ಬೇಕು ಅನ್ನುವುದು ಎಲ್ಲ ಪದ್ಧತಿಗಳ ನಿಯಮವಲ್ಲ. ಇಲ್ಲಿ ಇತಿಹಾಸ ವಿಭಾಗದಲ್ಲಿ ನಾವು ಬಳಸುವುದು ಚಿಕಾಗೋ ಪದ್ಧತಿ, ಅಂದರೆ ಚಿಕಾಗೋ ವಿಶ್ವವಿದ್ಯಾಲಯದ ಪ್ರಕಾಶನದ ಕೈಪಿಡಿಯಲ್ಲಿರುವ ಉಲ್ಲೇಖ ಕ್ರಮ. ಪತ್ರಿಕೆಗೆ ಒಂದೇ ದಿನ ಹಲವು ಆವೃತ್ತಿ ಇರುತ್ತವೆ, ಸುದ್ದಿ ಒಂದು ಪುಟದಿಂದ ಇನ್ನೊಂದಕ್ಕೆ ಹೋಗುತ್ತದೆ, ಹಾಗಾಗಿ ಪುಟ ಬಿಡುವುದೇ ವಾಸಿ ಅಂತ ಅದೇ ಕೈಪಿಡಿ ಹೇಳುತ್ತದೆ. ತಾರೀಖು, ತಲೆಬರಹ, ಪತ್ರಿಕೆ ಹೆಸರು ಖಚಿತವಾಗಿದ್ದರೆ ಸಾಕು. ಬೇಕಿದ್ದರೆ ಆವೃತ್ತಿ ಸೇರಿಸಬಹುದು. ಪತ್ರಿಕೆಯ ಬಿಡಿ ಸುದ್ದಿಗಳನ್ನು ಕೊನೆಯ ಗ್ರಂಥಸೂಚಿಗೆ ಹಾಕದೆ ಅಡಿಟಿಪ್ಪಣಿಯಲ್ಲೇ ಮುಗಿಸುವುದೂ ಅಲ್ಲಿ ವಾಡಿಕೆ.

ಆದರೆ ಸಾಹಿತ್ಯದವರು ಬಳಸುವ ಎಂಎಲ್‌ಎ, ಮನೋವಿಜ್ಞಾನದವರು ಬಳಸುವ ಎಪಿಎ ಪದ್ಧತಿಗಳಲ್ಲಿ ಮುದ್ರಿತ ಪತ್ರಿಕೆಗೆ ಪುಟ ಕೇಳುತ್ತಾರೆ. ನಿಮ್ಮ ವಿಶ್ವವಿದ್ಯಾಲಯ ಯಾವ ಪದ್ಧತಿ ಹೇಳಿದೆ ಅನ್ನುವುದನ್ನು ಮೊದಲು ನೋಡಿ.

ರಂಗದ ಹುಡುಗಿ
ಯಾವುದನ್ನೂ ಹೇಳಿಲ್ಲ ಸರ್. "ಒಂದೇ ರೀತಿ ಇರಲಿ" ಅಂತ ಮಾತ್ರ ನಿಯಮಾವಳಿಯಲ್ಲಿದೆ.

ಮೇಜಿನ ಹಿಂದೆ
ನಾನು ದಿನಪತ್ರಿಕೆಯ ಡೆಸ್ಕ್‌ನಲ್ಲಿ 26 ವರ್ಷ ಕೆಲಸ ಮಾಡಿ ಈಗ ನಿವೃತ್ತ. ಒಳಗಿನವನಾಗಿ ಹೇಳುತ್ತೇನೆ. ಚಿಕಾಗೋದವರು ಹೇಳಿದ ಮಾತು ಕನ್ನಡ ಪತ್ರಿಕೆಗಳಿಗೆ ಇನ್ನೂ ಜಾಸ್ತಿ ಹೊಂದುತ್ತದೆ. ದೂರದ ಊರಿಗೆ ಹೋಗುವ ಡಾಕ್ ಎಡಿಷನ್ ಸಂಜೆಯೇ ಮುಗಿಯುತ್ತಿತ್ತು. ಸಿಟಿ ಎಡಿಷನ್ ನಡುರಾತ್ರಿ ದಾಟಿದ ಮೇಲೆ. ಒಂದರಲ್ಲಿ ಮೂರನೇ ಪುಟದಲ್ಲಿದ್ದ ಸುದ್ದಿ ಇನ್ನೊಂದರಲ್ಲಿ ಐದಕ್ಕೆ ಹೋಗುತ್ತಿತ್ತು. ಕೆಲವೊಮ್ಮೆ ಸುದ್ದಿಯೇ ಹಾರಿಹೋಗುತ್ತಿತ್ತು. ಈಗ ಬೆಂಗಳೂರು, ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಅಂತ ಬೇರೆ ಬೇರೆ ಕಡೆ ಮುದ್ರಣ. ಜಿಲ್ಲೆಯ ಪುಟ ಬೇರೆ ಬೇರೆ. ಬೆಂಗಳೂರಿನಲ್ಲಿ ಕೂತು "ಪು. 3" ಅಂತ ಬರೆದರೆ ಮಂಗಳೂರಿನವರು ಮೂರನೇ ಪುಟ ತೆರೆದು ಏನೂ ಕಾಣದೆ ನಿಮ್ಮನ್ನೇ ಸುಳ್ಳುಗಾರರು ಅಂದುಕೊಳ್ಳುತ್ತಾರೆ. ಪುಟ ಹಾಕುವುದಾದರೆ ಆವೃತ್ತಿಯನ್ನೂ ಹಾಕಲೇಬೇಕು.

ಇನ್ನೊಂದು. ಸುದ್ದಿಯ ಮೊದಲ ಸಾಲಿನಲ್ಲಿ "ಗದಗ, ನ. 6" ಅಂತ ಇರುತ್ತದಲ್ಲ, ಅದು ವರದಿಗಾರ ಬರೆದ ದಿನ. ಪೇಪರ್ ಬಂದದ್ದು ಮರುದಿನ. ಹಿಂದೆ ಟಪಾಲಿನಲ್ಲಿ ಬಂದ ವರದಿ ನಾಲ್ಕೈದು ದಿನ ತಡವಾಗಿಯೂ ಅಚ್ಚಾಗುತ್ತಿತ್ತು. ಎಷ್ಟೋ ಥೀಸಿಸ್‌ಗಳಲ್ಲಿ ಈ ತಾರೀಖನ್ನೇ ಪತ್ರಿಕೆಯ ತಾರೀಖು ಅಂತ ಕೊಟ್ಟಿರುತ್ತಾರೆ. ಕಟಿಂಗ್ ಇಟ್ಟುಕೊಂಡವರಿಗೆ ಈ ಅಪಾಯ ಜಾಸ್ತಿ, ಯಾಕಂದರೆ ಅವರ ಕೈಲಿರುವ ತಾರೀಖು ಅದೊಂದೇ.

ಇತಿಹಾಸ ಮೇಷ್ಟ್ರು
ಇದು ಒಳ್ಳೆಯ ಮಾತು. ಆದರೆ ಇದರಿಂದ ನನ್ನ ವಾದವೇ ಗಟ್ಟಿಯಾಯಿತು ಅಲ್ವಾ? ತಾರೀಖೇ ನಂಬಲಾಗದಿದ್ದರೆ ಕಟಿಂಗನ್ನು ಹೇಗೆ ನಂಬುವುದು?

ಹಳೇ ಕಡತ
ನಂಬಬೇಕಿಲ್ಲ ಸರ್, ಪರೀಕ್ಷೆ ಮಾಡಬೇಕು. ನಾನು ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ವಿಭಾಗ ನೋಡಿಕೊಳ್ಳುತ್ತಿದ್ದೆ. ಕಟಿಂಗ್ ಅನ್ನು ಮೂಲ ಸಂಚಿಕೆಯ ಜೊತೆ ಹೋಲಿಸಿ ನೋಡಿದರೆ ಎಲ್ಲ ಸರಿಹೋಗುತ್ತದೆ.

ಆದರೆ ಒಂದು ವಿಷಯ ಹೇಳಲೇಬೇಕು. ಗ್ರಂಥಾಲಯಕ್ಕೆ ಹೋದರೂ ಪುಟ ಸಂಖ್ಯೆ ಸಿಕ್ಕೇ ಸಿಗುತ್ತದೆ ಅಂದುಕೊಳ್ಳಬೇಡಿ. ತಿಂಗಳ ಪತ್ರಿಕೆಗಳನ್ನು ಸೇರಿಸಿ ಬೈಂಡ್ ಮಾಡುವಾಗ ಅಂಚು ಕತ್ತರಿಸುತ್ತಾರೆ. ಎಷ್ಟೋ ಬೈಂಡ್‌ಗಳಲ್ಲಿ ಪುಟ ಸಂಖ್ಯೆ ಆ ಅಂಚಿನಲ್ಲೇ ಹೋಗಿರುತ್ತದೆ. ಜೊತೆಗೆ ಬ್ಲೇಡ್ ಹಾಕಿ ಲೇಖನ ಕತ್ತರಿಸಿಕೊಂಡು ಹೋದವರೂ ಇದ್ದಾರೆ. ಅಂಥ ಖಾಲಿ ಕಿಟಕಿಗಳನ್ನು ನೋಡಿ ನಾನು ಎಷ್ಟೋ ಸಲ ಅತ್ತಿದ್ದೇನೆ. ಹಾಗಾಗಿ ಟ್ರಂಕಿನಲ್ಲಿರುವ ಕಟಿಂಗ್ ಕೆಲವೊಮ್ಮೆ ಉಳಿದಿರುವ ಒಂದೇ ಪ್ರತಿ ಆಗಿರಬಹುದು.

ಮಗಳೇ, ನೀವು ಹೀಗೆ ಮಾಡಿ. ಪ್ರತಿ ಕಟಿಂಗನ್ನೂ ಬೇರೆ ಬೇರೆ ಲಕೋಟೆಯಲ್ಲಿಟ್ಟು ಲಕೋಟೆಯ ಮೇಲೆ 1ರಿಂದ 47ರವರೆಗೆ ಸಂಖ್ಯೆ ಹಾಕಿ. ಮುಂದೆ, ಹಿಂದೆ ಎರಡೂ ಕಡೆ ಸ್ಕ್ಯಾನ್ ಮಾಡಿ. ಗೋಂದು ಬೇಡ, ಸೆಲ್ಲೋಟೇಪ್ ಬೇಡ, ಲ್ಯಾಮಿನೇಷನ್ ಬೇಡವೇ ಬೇಡ. ಅಡಿಟಿಪ್ಪಣಿಯಲ್ಲಿ ಪತ್ರಿಕೆ, ತಾರೀಖು ಕೊಟ್ಟು "ಖಾಸಗಿ ಸಂಗ್ರಹ, ಕಟಿಂಗ್ 12, ಪುಟ ಸಂಖ್ಯೆ ಲಭ್ಯವಿಲ್ಲ" ಅಂತ ಸೇರಿಸಿ. ತಾರೀಖು ಪೆನ್ಸಿಲ್‌ನಲ್ಲಿ ಬರೆದದ್ದಾದರೆ ಅದನ್ನೂ ಹೇಳಿ. ಸಂಗ್ರಹಕ್ಕೆ ಹಿರಿಯರ ಹೆಸರು ಕೊಡುವುದಾದರೆ ಮಗಳ ಒಪ್ಪಿಗೆ ಕೇಳಿ. ನೀವು ನೋಡಿದ್ದೇನು ಅನ್ನುವುದು ಓದುವವರಿಗೆ ಗೊತ್ತಾಗಬೇಕು. ಗ್ರಂಥಾಲಯದ ಬೈಂಡ್ ನೋಡಿದಿರೋ, ಸ್ಕ್ಯಾನ್ ನೋಡಿದಿರೋ, ಕಟಿಂಗ್ ನೋಡಿದಿರೋ, ಅದನ್ನೇ ಬರೆಯಿರಿ.

ರಂಗದ ಹುಡುಗಿ
ಮೇಡಂ, ತುಂಬಾ ಧನ್ಯವಾದ. ಇವತ್ತೇ ಲಕೋಟೆ ತರುತ್ತೇನೆ. ಒಂದೆರಡಕ್ಕೆ ಮೊದಲೇ ಸೆಲ್ಲೋಟೇಪ್ ಹಾಕಿದ್ದಾರೆ, ಅದನ್ನು ಕೀಳಬಹುದಾ?

ಹಳೇ ಕಡತ
ಕೈ ಹಾಕಬೇಡಿ. ಕಾಗದವೂ ಅದರ ಜೊತೆ ಎದ್ದುಬರುತ್ತದೆ. ಹಾಗೇ ಸ್ಕ್ಯಾನ್ ಮಾಡಿ.

ಧಾರವಾಡದಾಕೆ
ನನ್ನದೊಂದು ಬೇರೆ ಗೋಳು ಇದೆ, ಇಲ್ಲೇ ಕೇಳುತ್ತೇನೆ. ನಮ್ಮ ಅಡಿಟಿಪ್ಪಣಿಗಳಲ್ಲಿ "ಸಂ." ಅಂದರೆ ಏನು? ಸಂಪುಟಾನೂ ಸಂ., ಸಂಚಿಕೆನೂ ಸಂ., ಸಂಪಾದಕರೂ ಸಂ., ಪು.ಸಂ. ಅಂದರೆ ಸಂಖ್ಯೆ, ಹಳೇ ಪತ್ರಿಕೆಯಲ್ಲಿ ಸಂವತ್ಸರಾನೂ ಸಂ.! ಮೊನ್ನೆ ಒಂದು ಪುಸ್ತಕದಲ್ಲಿ "ಸಂ. 4, ಸಂ. 2" ಅಂತ ನೋಡಿ ಎರಡು ದಿನ ಕಳೆದೆ. ನಾಲ್ಕನೇ ಸಂಪುಟದ ಎರಡನೇ ಸಂಚಿಕೆ ಅಂದುಕೊಂಡು ಹುಡುಕಿದೆ, ಸಿಗಲಿಲ್ಲ. ಉಲ್ಟಾ ಇತ್ತು. ಎರಡನೇ ಸಂಪುಟದ ನಾಲ್ಕನೇ ಸಂಚಿಕೆ.

ಎಂಎ ಎರಡನೇ ವರ್ಷ
ಅಯ್ಯೋ, ನಾನೂ ಹಾಗೇ ಬರೆದಿದ್ದೇನೆ!

ಇತಿಹಾಸ ಮೇಷ್ಟ್ರು
ಇದಕ್ಕೆ ಮದ್ದು ಸುಲಭ. ಮೊಟಕು ಮಾಡಬೇಡಿ. "ಸಂಪುಟ 17, ಸಂಚಿಕೆ 2" ಅಂತ ಪೂರ್ತಿ ಬರೆದರೆ ಎಷ್ಟು ಜಾಗ ಹೋಗುತ್ತದೆ? ನಾನು ನನ್ನ ವಿದ್ಯಾರ್ಥಿಗಳಿಗೆ "ಪು." ಒಂದನ್ನು ಬಿಟ್ಟು ಬೇರೆ ಮೊಟಕಿಗೆ ಅವಕಾಶ ಕೊಡುವುದಿಲ್ಲ. ಸಂಪಾದಕರು ಅಂತಲೂ ಪೂರ್ತಿಯೇ ಬರೆಯಬೇಕು.

ಕೋಡ್ ಕನ್ನಡ
ಮೇಷ್ಟ್ರಿಗೆ ನನ್ನ ಮತ. ಇನ್ನೊಂದು ಸೇರಿಸುತ್ತೇನೆ. ಕೆಲವು ಜರ್ನಲ್‌ಗಳಲ್ಲಿ ಇಡೀ ವರ್ಷದ ಸಂಪುಟಕ್ಕೆ ಪುಟ ಸಂಖ್ಯೆ ಒಂದೇ ಸಾಲಾಗಿ ಓಡುತ್ತದೆ. ಎರಡನೇ ಸಂಚಿಕೆ 97ನೇ ಪುಟದಿಂದ ಶುರುವಾಗಬಹುದು. ಅಂಥ ಕಡೆ ಸಂಚಿಕೆ ಸಂಖ್ಯೆ ತಪ್ಪಿದರೂ ಪುಟದಿಂದ ಹಿಡಿಯಬಹುದು. ಆದರೆ ಪ್ರತಿ ಸಂಚಿಕೆಯೂ 1ರಿಂದ ಶುರುವಾಗುವ ಪತ್ರಿಕೆಯಲ್ಲಿ ಸಂಚಿಕೆ ಬಿಟ್ಟರೆ ಕಥೆ ಮುಗಿಯಿತು. ಯಾವುದು ಎಂಥದ್ದು ಅಂತ ನೋಡುತ್ತಾ ಕೂರುವ ಬದಲು ಎರಡನ್ನೂ ಹಾಕಿಬಿಡಿ. "ಸಂಚಿಕೆ 3-4" ಅಂತ ಜೋಡಿ ಸಂಚಿಕೆ ಬಂದಿದ್ದರೆ ಹಾಗೇ ಹಾಕಿ, 3 ಅಂತ ಮಾತ್ರ ಬರೆಯಬೇಡಿ.

ರಂಗದ ಹುಡುಗಿ
ಸಂವತ್ಸರದ ಮಾತು ಬಂದಿದ್ದಕ್ಕೆ ಕೇಳುತ್ತೇನೆ. ನನ್ನ ಹತ್ತಿರ ಒಂದು ಮಾಸಪತ್ರಿಕೆಯ ಲೇಖನ ಇದೆ. ಮೇಲೆ "ಯುವ ಸಂ. ಮಾಘ" ಅಂತ ಮಾತ್ರ ಇದೆ. ಯುವ ಅಂದರೆ 1935 ಅಂತ ಹುಡುಕಿ ಹಾಗೇ ಬರೆದಿದ್ದೇನೆ. ಸರಿ ಅಲ್ವಾ?

ಪಂಚಾಂಗ ಪ್ರಿಯ
ತಪ್ಪಾಗಿದೆ ತಂಗಿ, ಒಳ್ಳೆ ಸಮಯಕ್ಕೆ ಕೇಳಿದಿರಿ. ಸಂವತ್ಸರ ಯುಗಾದಿಯಿಂದ ಯುಗಾದಿಗೆ. ಯುವ ಶುರುವಾದದ್ದು 1935ರ ಯುಗಾದಿಗೆ, ಮುಗಿದದ್ದು 1936ರ ಯುಗಾದಿಗೆ. ಆಶ್ವಯುಜ ಆಗಿದ್ದರೆ 1935ರ ಅಕ್ಟೋಬರ್ ಸುಮಾರು. ಆದರೆ ಮಾಘ ಬರುವುದು ಜನವರಿ ಕೊನೆ, ಫೆಬ್ರವರಿಯಲ್ಲಿ. ಹಾಗಾಗಿ ಅದು 1936. ಮಾರ್ಗಶಿರ ಇಲ್ಲವೇ ಪುಷ್ಯದಲ್ಲಿ ಹೊಸ ಇಸವಿ ಬರುವುದರಿಂದ ಆ ಎರಡು ತಿಂಗಳನ್ನು ತಿಥಿ ನೋಡಿಯೇ ಹೇಳಬೇಕು. ಮಾಘ, ಫಾಲ್ಗುಣಕ್ಕೆ ಚಿಂತೆಯಿಲ್ಲ, ಯಾವಾಗಲೂ ಮುಂದಿನ ಇಸವಿ.

ಇನ್ನೊಂದು ಎಚ್ಚರಿಕೆ. ಚಕ್ರ 60 ವರ್ಷದ್ದು. ಯುವ 1995ರಲ್ಲೂ ಬಂದಿತ್ತು. ನಿಮ್ಮದು ಹಳೆಯ ಮಾಸಪತ್ರಿಕೆ, ಅನುಮಾನ ಬರುವುದಿಲ್ಲ. ಆದರೆ 1860ರ ದಶಕದಿಂದ ಈಚಿನ ಹಾಳೆಗಳನ್ನು ನೋಡುವವರು 60 ವರ್ಷ ಹಿಂದೆ ಮುಂದೆ ಆಗದಂತೆ ನೋಡಿಕೊಳ್ಳಬೇಕು.

ಬರೆಯುವಾಗ ಪತ್ರಿಕೆಯಲ್ಲಿದ್ದದ್ದನ್ನೇ ಮೊದಲು ಬರೆದು, ನೀವು ಲೆಕ್ಕ ಹಾಕಿದ್ದನ್ನು ಚೌಕ ಆವರಣದಲ್ಲಿ ಕೊಡಿ. "ಯುವ ಸಂವತ್ಸರ, ಮಾಘ [1936]" ಅಂತ.

ರಂಗದ ಹುಡುಗಿ
ಮೂರು ಕಡೆ 1935 ಅಂತ ಬರೆದಿದ್ದೇನೆ. ಈಗಲೇ ತಿದ್ದುತ್ತೇನೆ. ನಿಮ್ಮ ಋಣ ತೀರಿಸಲಾರೆ.

ಹಳೇ ಕಡತ
ಹಳೆಯ ಹಾಳೆಗಳಲ್ಲಿ ಕನ್ನಡ ಅಂಕಿಯ ೬ ಮತ್ತು ೯ ಕೂಡ ನೋಡಿಕೊಳ್ಳಿ. ಅಚ್ಚುಮೊಳೆ ಸವೆದಿದ್ದರೆ, ಸ್ಕ್ಯಾನ್ ಮಸುಕಾಗಿದ್ದರೆ ಎರಡೂ ಒಂದೇ ಥರ ಕಾಣುತ್ತವೆ. ಹಿಂದಿನ ಮುಂದಿನ ಪುಟ ನೋಡಿಯೇ ಖಚಿತ ಮಾಡಿಕೊಳ್ಳಬೇಕು.

ಕುಡ್ಲದವ
ಪತ್ರಿಕೆಯ ಹೆಸರನ್ನು ಇಟಾಲಿಕ್ ಮಾಡಬೇಕಾ? ನಮ್ಮ ವಿಭಾಗದಲ್ಲಿ ಇದಕ್ಕೇ ಅರ್ಧ ಗಂಟೆ ಜಗಳ ಆಯಿತು.

ಕೋಡ್ ಕನ್ನಡ
ಕನ್ನಡ ಲಿಪಿಗೆ ಇಟಾಲಿಕ್ ಅನ್ನುವ ಪರಂಪರೆಯೇ ಇಲ್ಲ. ತುಂಬಾ ಫಾಂಟ್‌ಗಳಲ್ಲಿ ನಿಜವಾದ ಇಟಾಲಿಕ್ ಇರುವುದಿಲ್ಲ, ಸಾಫ್ಟ್‌ವೇರ್ ಅಕ್ಷರವನ್ನು ಸುಮ್ನೆ ಓರೆ ಮಾಡುತ್ತದೆ. ಒತ್ತಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಲೇಖನಕ್ಕೆ ಒಂಟಿ ಉದ್ಧರಣ ಚಿಹ್ನೆ, ಪತ್ರಿಕೆಗೆ ದಪ್ಪ ಅಕ್ಷರ, ಅಷ್ಟು ಸಾಕು.

ಧಾರವಾಡದಾಕೆ
ದಪ್ಪ ಅಕ್ಷರ ಬೇಡ್ರೀ. ಪುಟದ ಕೆಳಗೆ ಎಲ್ಲಿ ನೋಡಿದರೂ ಕಪ್ಪು ಕಪ್ಪು ಕಾಣುತ್ತದೆ. ಲೇಖನಕ್ಕೆ ಉದ್ಧರಣ ಚಿಹ್ನೆ ಹಾಕಿ, ಪತ್ರಿಕೆ ಹೆಸರನ್ನು ಹಾಗೇ ಬಿಟ್ಟರೂ ಗೊತ್ತಾಗುತ್ತದೆ.

ಚಿಕಾಗೋ ಕನ್ನಡಿಗ
ಇಂಗ್ಲಿಷ್ ಥೀಸಿಸ್‌ನಲ್ಲಿ ಕನ್ನಡ ಪತ್ರಿಕೆ ಉಲ್ಲೇಖಿಸುವ ಕಷ್ಟ ಬೇರೆಯೇ. ಹೆಸರನ್ನು ರೋಮನ್ ಲಿಪಿಗೆ ತರಬೇಕು. ನಾನು ಐಎಸ್‌ಒ 15919 ಪದ್ಧತಿ ಹಿಡಿದಿದ್ದೇನೆ. ಅದರಲ್ಲಿ ದೀರ್ಘ ಸ್ವರಕ್ಕೆ ಮೇಲೆ ಗೆರೆ, ಣ, ಳ, ಷ ಕೆಳಗೆ ಚುಕ್ಕಿ. ಎ ಬೇರೆ, ಏ ಬೇರೆ. ಲೇಖನದ ತಲೆಬರಹವನ್ನು ಅನುವಾದ ಮಾಡಿ ಪಕ್ಕದಲ್ಲಿ ಚೌಕ ಆವರಣದಲ್ಲಿ ಕೊಡುತ್ತೇನೆ. ಪತ್ರಿಕೆಯ ಹೆಸರನ್ನು ಮಾತ್ರ ಯಾವತ್ತೂ ಅನುವಾದಿಸಬಾರದು. 'ಪ್ರಬುದ್ಧ ಕರ್ಣಾಟಕ'ದಲ್ಲಿ ಣ ಇದೆ. ಅದನ್ನು ಕರ್ನಾಟಕ ಅಂತ ತಿದ್ದಿಬಿಟ್ಟರೆ ಕ್ಯಾಟಲಾಗ್‌ನಲ್ಲಿ ಹುಡುಕುವವರಿಗೆ ಸಿಗುವುದಿಲ್ಲ.

ಮೇಜಿನ ಹಿಂದೆ
ಊರ ಹೆಸರೂ ಅಷ್ಟೇ. 1972ರ ಪುಸ್ತಕದಲ್ಲಿ "ಗುಲ್ಬರ್ಗಾ" ಅಂತ ಇದ್ದರೆ ಅಡಿಟಿಪ್ಪಣಿಯಲ್ಲೂ ಗುಲ್ಬರ್ಗಾ. ಕಲಬುರಗಿ ಆದದ್ದು 2014ರಲ್ಲಿ.

ಎಂಎ ಎರಡನೇ ವರ್ಷ
ಒಂದು ಸಣ್ಣ ಪ್ರಶ್ನೆ. ಅಡಿಟಿಪ್ಪಣಿ ಜಾಸ್ತಿ ಆದರೆ ಕೃತಿಚೌರ್ಯದ ಪರೀಕ್ಷೆಯಲ್ಲಿ ಶೇಕಡಾವಾರು ಏರುತ್ತದೆ ಅಂತ ಸೀನಿಯರ್ ಒಬ್ಬರು ಹೆದರಿಸಿದರು. ಅದಕ್ಕೇ ಕೆಲವನ್ನು ತೆಗೆದುಹಾಕಿದ್ದೇನೆ.

ಇತಿಹಾಸ ಮೇಷ್ಟ್ರು
ತಕ್ಷಣ ವಾಪಸ್ ಹಾಕು ಮಗು! ಯುಜಿಸಿಯ 2018ರ ನಿಯಮದಲ್ಲಿ ಗ್ರಂಥಸೂಚಿ, ಉಲ್ಲೇಖಗಳು, ಆಕರ ಕೊಟ್ಟು ಉದ್ಧರಿಸಿದ ಮಾತು, ಇವನ್ನೆಲ್ಲ ಲೆಕ್ಕದಿಂದ ಹೊರಗಿಡಬೇಕು ಅಂತಲೇ ಇದೆ. ಉಳಿದ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆ ಇಲ್ಲ. ಆಕರ ತೆಗೆದುಹಾಕಿದರೇ ಅದು ಚೌರ್ಯ ಆಗುವುದು.

ಎಂಎ ಎರಡನೇ ವರ್ಷ
ಸರಿ ಸರ್. ಇವತ್ತೇ ಹಾಕುತ್ತೇನೆ.

ಧಾರವಾಡದಾಕೆ
ಇನ್ನೊಂದು ಮಾತು ಹೇಳದೆ ಹೋಗಲಾರೆ. ಬೇರೆಯವರ ಪುಸ್ತಕದ ಅಡಿಟಿಪ್ಪಣಿಯನ್ನು ಹಾಗೇ ಎತ್ತಿ, ತಾವೇ ಮೂಲ ನೋಡಿದಂತೆ ಬರೆಯುವವರ ಬಗ್ಗೆ. ಅದು ನನಗೆ ತುಂಬಾ ನೋವು ಕೊಡುತ್ತದೆ. ಒಂದು ಲೇಖನದ ತಾರೀಖು ಮೊದಲ ಪುಸ್ತಕದಲ್ಲಿ ತಪ್ಪಾಗಿತ್ತು. ನಂತರದ ನಾಲ್ಕು ಪುಸ್ತಕಗಳಲ್ಲೂ ಅದೇ ತಪ್ಪು ಇದೆ. ಅಂದರೆ ನಾಲ್ವರಲ್ಲಿ ಒಬ್ಬರೂ ಮೂಲ ತೆರೆದಿಲ್ಲ. ಮೂಲ ಸಿಗದಿದ್ದರೆ "ಇಂಥವರ ಪುಸ್ತಕದಲ್ಲಿ ಉಲ್ಲೇಖಿತ" ಅಂತ ಬರೆಯುವುದಕ್ಕೆ ಏನು ಕಷ್ಟ?

ಮೇಜಿನ ಹಿಂದೆ
ಇದನ್ನು ಹಿಡಿಯುವ ಒಂದು ದಾರಿ ನನಗೆ ಗೊತ್ತು. ದೊಡ್ಡ ಹಬ್ಬ, ರಾಷ್ಟ್ರೀಯ ರಜೆ ಇದ್ದ ದಿನ ಕಚೇರಿಗೆ ರಜೆ. ಹಾಗಾಗಿ ಮರುದಿನ ಪೇಪರ್ ಇರುವುದಿಲ್ಲ. ಪೇಪರೇ ಬರದ ದಿನದ ಉಲ್ಲೇಖವನ್ನು ನಾನು ಥೀಸಿಸ್‌ಗಳಲ್ಲಿ ನೋಡಿದ್ದೇನೆ.

ಕೋಡ್ ಕನ್ನಡ
ಇದು ಕನ್ನಡದ ಕಾಯಿಲೆ ಮಾತ್ರ ಅಲ್ಲ. ವಿದೇಶದ ದೊಡ್ಡ ಪ್ರಕಾಶನ ಸಂಸ್ಥೆಯೊಂದು ಲೇಖಕರಿಗೆ ಮಾದರಿ ಅಂತ ಒಂದು ಕಾಲ್ಪನಿಕ ಲೇಖನದ ಹೆಸರು ಕೊಟ್ಟಿತ್ತು. ಆ ಇಲ್ಲದ ಲೇಖನ ನೂರಾರು ಪ್ರಬಂಧಗಳ ಗ್ರಂಥಸೂಚಿಯಲ್ಲಿ ಸೇರಿಕೊಂಡಿತು. ಈಗ ಎಐ ಬಂದ ಮೇಲೆ ಇನ್ನೂ ಅಪಾಯ. 2023ರಲ್ಲಿ ನ್ಯೂಯಾರ್ಕ್‌ನ ವಕೀಲರು ಚಾಟ್‌ಜಿಪಿಟಿ ಕೊಟ್ಟ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಕಟ್ಟಿದರು. ದಯವಿಟ್ಟು ಯಾರೂ ಗ್ರಂಥಸೂಚಿಯನ್ನು ಅದರಿಂದ ಬರೆಸಬೇಡಿ.

ಜೊಟೆರೊ ಬಳಸಿ, ಆಕರಗಳನ್ನು ಜೋಡಿಸಿಟ್ಟು ಅಡಿಟಿಪ್ಪಣಿ ಹಾಕಿಕೊಡುವ ಸಾಫ್ಟ್‌ವೇರ್. ಉಚಿತ. ಕನ್ನಡದ ಹೆಸರಿಗೆ ಒಂದು ಕಿವಿಮಾತು: ಲೇಖಕರ ಹೆಸರಿನ ಪಕ್ಕದ ಗುಂಡಿ ಒತ್ತಿ ಎರಡು ಖಾನೆಯನ್ನು ಒಂದು ಮಾಡಿಕೊಳ್ಳಿ. ಇಲ್ಲದಿದ್ದರೆ ಇನಿಷಿಯಲ್, ಊರು, ಹೆಸರು ಎಲ್ಲ ಹಿಂದೆ ಮುಂದೆ ಆಗುತ್ತವೆ.

ಕುಡ್ಲದವ
ಹೆಸರನ್ನು ತಿರುಗಿಸಬೇಕಾ ಬೇಡವಾ? ಎ.ಆರ್. ಕೃಷ್ಣಶಾಸ್ತ್ರಿ ಅನ್ನುವವರನ್ನು "ಕೃಷ್ಣಶಾಸ್ತ್ರಿ ಎ.ಆರ್." ಅಂತ ಹಾಕುವುದು ನನಗೆ ಒಗ್ಗುವುದಿಲ್ಲ.

ಇತಿಹಾಸ ಮೇಷ್ಟ್ರು
ಅಡಿಟಿಪ್ಪಣಿಯಲ್ಲಿ ತಿರುಗಿಸಬೇಡಿ. ಕೊನೆಯ ಸೂಚಿಯಲ್ಲಿ ತಿರುಗಿಸಿ, ಇಲ್ಲದಿದ್ದರೆ ಅರ್ಧ ಕನ್ನಡ ಸಾಹಿತ್ಯ "ಎ", "ಎಸ್", "ಕೆ", "ಜಿ" ಕೆಳಗೆ ಬಂದು ಕೂರುತ್ತದೆ. ಕಾವ್ಯನಾಮದಲ್ಲಿ ಪ್ರಕಟವಾಗಿದ್ದರೆ ಕಾವ್ಯನಾಮವೇ ಇರಲಿ. ಅಂಬಿಕಾತನಯದತ್ತ ಅಂತ ಅಚ್ಚಾಗಿದ್ದರೆ ಅದನ್ನೇ ಕೊಟ್ಟು ಪಕ್ಕದಲ್ಲಿ [ದ.ರಾ. ಬೇಂದ್ರೆ].

ರಂಗದ ಹುಡುಗಿ
ಲೇಖಕರ ಹೆಸರೇ ಇಲ್ಲದ ವಿಮರ್ಶೆಗಳು ನನ್ನಲ್ಲಿ ತುಂಬಾ ಇವೆ. "ನಮ್ಮ ಪ್ರತಿನಿಧಿಯಿಂದ" ಅಂತ ಮಾತ್ರ ಇದೆ.

ಮೇಜಿನ ಹಿಂದೆ
ಅದು ಲೇಖಕರ ಹೆಸರಲ್ಲ. ಈಗಿನ "ಪ್ರಜಾವಾಣಿ ವಾರ್ತೆ" ಥರವೇ. ತಲೆಬರಹದಿಂದ ಶುರು ಮಾಡಿ.

ರಂಗದ ಹುಡುಗಿ
ಎರಡು ದಿನ ಗ್ರಂಥಾಲಯದಲ್ಲಿದ್ದೆ. 47ರಲ್ಲಿ 19ರ ಮೂಲ ಸಿಕ್ಕಿತು, ಪುಟ ಸಂಖ್ಯೆ ಸಮೇತ! ಆದರೆ ನನಗೆ ಅತಿ ಮುಖ್ಯವಾದ ಜಾಹೀರಾತು ಸಿಗುತ್ತಿಲ್ಲ. ಆ ಕಂಪನಿ ಆ ಊರಿಗೆ ಬಂದಿತ್ತು ಅನ್ನುವುದಕ್ಕೆ ನನ್ನಲ್ಲಿರುವ ಸಾಕ್ಷಿ ಅದೊಂದೇ. ಹಿಂದೆ ಪೆನ್ಸಿಲ್‌ನಲ್ಲಿ "ಆ. 12, 1958" ಅಂತ ಇದೆ. ಆಗಸ್ಟ್ 12ರ ಪತ್ರಿಕೆ ಪೂರ್ತಿ ನೋಡಿದೆ, 11 ಮತ್ತು 13ನ್ನೂ ನೋಡಿದೆ. ಇಲ್ಲ. ಗೈಡ್ ಹೇಳಿದ್ದೇ ಸರಿಯೇನೋ ಅನ್ನಿಸಿ ಬೇಜಾರಾಗಿದೆ.

ಹಳೇ ಕಡತ
ಬೇಜಾರು ಬೇಡ. ಜಾಹೀರಾತಿನಲ್ಲಿ ಏನೇನಿದೆ, ಪೂರ್ತಿ ಬರೆಯಿರಿ. ಹಿಂಬದಿಯಲ್ಲಿ ಏನು ಅಚ್ಚಾಗಿದೆ ಅನ್ನುವುದನ್ನೂ.

ರಂಗದ ಹುಡುಗಿ
ಮುಂದೆ ಕಂಪನಿ ಹೆಸರು, ನಾಟಕದ ಹೆಸರು, "ಇಂದು ಭಾನುವಾರ ಎರಡು ಆಟ" ಅಂತ ಇದೆ. ಕೆಳಗೆ ಟಿಕೆಟ್ ದರ. ಹಿಂದೆ ಅಡಿಕೆ, ಮೆಣಸಿನಕಾಯಿ ಧಾರಣೆ, ಅರ್ಧ ಕತ್ತರಿಸಿಹೋಗಿದೆ.

ಪಂಚಾಂಗ ಪ್ರಿಯ
ತಂಗಿ, 1958ರ ಆಗಸ್ಟ್ 12 ಮಂಗಳವಾರ! "ಇಂದು ಭಾನುವಾರ" ಹೇಗೆ ಆಗುತ್ತದೆ?

ಮೇಜಿನ ಹಿಂದೆ
ತಡೆಯಿರಿ, ತಡೆಯಿರಿ. ಆ ಪೆನ್ಸಿಲ್ ಅಕ್ಷರ "ಆ." ಅಂತಲೇ ಇದೆಯಾ, ಅಥವಾ "ಅ." ಅಂತಲಾ? ಪತ್ರಿಕೆಯ ರೂಢಿಯಲ್ಲಿ ಆ. ಅಂದರೆ ಆಗಸ್ಟ್, ಅ. ಅಂದರೆ ಅಕ್ಟೋಬರ್. ಒಂದು ದೀರ್ಘದ ವ್ಯತ್ಯಾಸ. ಇದರಲ್ಲಿ ನಾವೇ ಡೆಸ್ಕ್‌ನಲ್ಲಿ ಎಡವಿದ್ದೇವೆ.

ಪಂಚಾಂಗ ಪ್ರಿಯ
1958ರ ಅಕ್ಟೋಬರ್ 12 ಭಾನುವಾರ. ಈಗಷ್ಟೇ ಲೆಕ್ಕ ಹಾಕಿದೆ.

ಎಂಎ ಎರಡನೇ ವರ್ಷ
ಮೈ ಜುಮ್ಮೆಂದಿತು!

ರಂಗದ ಹುಡುಗಿ
ಭೂತಗನ್ನಡಿ ಇಟ್ಟು ನೋಡಿದೆ. ನಾನು ದೀರ್ಘ ಅಂದುಕೊಂಡದ್ದು ಕಾಗದದ ಮಡಿಕೆಯ ಗೆರೆ. ನಾಳೆ ಗ್ರಂಥಾಲಯ ತೆಗೆಯುವ ಹೊತ್ತಿಗೆ ಬಾಗಿಲಲ್ಲಿ ಇರುತ್ತೇನೆ.

ಇತಿಹಾಸ ಮೇಷ್ಟ್ರು
ಸಿಕ್ಕ ಕೂಡಲೇ ಇಲ್ಲಿ ಬರೆಯಮ್ಮ. ನಾನೂ ಕಾಯುತ್ತಿರುತ್ತೇನೆ.

ಧಾರವಾಡದಾಕೆ
ಕಾಯುವ ಹೊತ್ತಿಗೆ ಒಂದು ಮಾತು. ವೆಬ್‌ಸೈಟಿನ ಸುದ್ದಿಗೆ ಅಡಿಟಿಪ್ಪಣಿ ಕೊಡುವವರು ಅದರ ಒಂದು ಪ್ರತಿಯನ್ನು ವೇಬ್ಯಾಕ್ ಮೆಷಿನ್‌ನಲ್ಲಿ (ವೆಬ್ ಪುಟಗಳ ಪ್ರತಿ ಕಾಪಿಡುವ ತಾಣ) ಉಳಿಸಿ ಆ ಕೊಂಡಿಯನ್ನೂ ಕೊಡಿ. ನಾನು 2016ರಲ್ಲಿ ಬರೆದ ಲೇಖನದಲ್ಲಿ 11 ಕೊಂಡಿ ಕೊಟ್ಟಿದ್ದೆ. ಈಗ ನಾಲ್ಕು ಮಾತ್ರ ತೆರೆಯುತ್ತವೆ. ಮುದ್ರಿತ ಪತ್ರಿಕೆಯ ತಲೆಬರಹ, ವೆಬ್‌ನ ತಲೆಬರಹ ಬೇರೆ ಬೇರೆ ಇರುತ್ತವೆ, ಯಾವುದನ್ನು ಓದಿದಿರೋ ಅದನ್ನೇ ಬರೆಯಿರಿ.

ರಂಗದ ಹುಡುಗಿ
ಸಿಕ್ಕಿತು!! ಅಕ್ಟೋಬರ್ 12, 1958, ಪುಟ 6. ಹಿಂದಿನ ಪುಟದಲ್ಲಿ ಅಡಿಕೆ ಧಾರಣೆ, ಕತ್ತರಿಸಿಹೋದ ಉಳಿದ ಅರ್ಧವೂ ಇದೆ. ಕಟಿಂಗನ್ನು ಆ ಪುಟದ ಪಕ್ಕ ಇಟ್ಟು ನೋಡಿದೆ, ಅಕ್ಷರ ಅಕ್ಷರಕ್ಕೆ ಹೊಂದಿತು. ಅಲ್ಲಿನ ಸಿಬ್ಬಂದಿಯೂ ಬಂದು ನೋಡಿದರು. ಹಿರಿಯರ ಮಗಳಿಗೆ ಫೋನ್ ಮಾಡಿ ಹೇಳಿದೆ, ಅವರಿಗೆ ಮಾತೇ ಹೊರಡಲಿಲ್ಲ. ಅಪ್ಪನ ಹೆಸರನ್ನು ಸಂಗ್ರಹಕ್ಕೆ ಕೊಡಬಹುದು ಅಂದರು.

ಗೈಡ್‌ಗೂ ಎರಡನ್ನೂ ತೋರಿಸಿದೆ. ಮೂಲ ಸಿಕ್ಕವಕ್ಕೆ ಪುಟ ಹಾಕು, ಸಿಗದವನ್ನು ಕಟಿಂಗ್ ಸಂಖ್ಯೆಯ ಜೊತೆ ಬೇರೆ ಪಟ್ಟಿ ಮಾಡು, ಹೇಗೆ ಪರೀಕ್ಷಿಸಿದೆ ಅನ್ನುವುದನ್ನು ಮುನ್ನುಡಿಯಲ್ಲಿ ಬರೆ ಅಂದರು. ಉಳಿದ 27ರಲ್ಲಿ ಆರು ಮಂಗಳೂರಿನ ಪತ್ರಿಕೆಯವು, ಆ ಬೈಂಡ್‌ಗಳು ಇಲ್ಲಿಲ್ಲ.

ಇತಿಹಾಸ ಮೇಷ್ಟ್ರು
ಬಹಳ ಸಂತೋಷ. ಬಿಡಬೇಕು ಅಂದ ನನ್ನ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಕುಡ್ಲದವ
ಅಕ್ಕ, ಆ ಆರರ ತಾರೀಖು ಮತ್ತು ಎರಡೂ ಬದಿಯ ಸ್ಕ್ಯಾನ್ ಕಳಿಸಿ. ಶನಿವಾರ ನನಗೆ ರಜೆ, ಇಲ್ಲಿ ಮಂಗಳೂರಿನಲ್ಲೇ ಹೋಗಿ ನೋಡುತ್ತೇನೆ.

ರಂಗದ ಹುಡುಗಿ
ಕಳಿಸಿದೆ. ಕಟಿಂಗ್ 31ರ ತಾರೀಖು ಮಸುಕಾಗಿದೆ, ೬ ಇರಬಹುದು, ೯ ಇರಬಹುದು. ದಯವಿಟ್ಟು ಎರಡೂ ದಿನದ್ದು ನೋಡಿ.